ಗ್ಯಾಸ್ಕೆಟ್ಟಿನ ಕೆಳಗೆಲ್ಲ ಅಕ್ಕನದು

ಹೊಗೆಯೆಂದರೆ ಅಂತಿಂಥ ಹೊಗೆಯಲ್ಲ. ಎಂಜಿನ್ ಚಾಲೂ ಮಾಡಿ ಎರಡು ನಿಮಿಷವಾಗಿರಲಿಲ್ಲ, ಹಿಂದಿನ ಎರಡೂ ಸೈಲೆನ್ಸರುಗಳಿಂದ ನೀಲಿ ಹೊಗೆ ಬುಗುಬುಗು ಎದ್ದು ಶೆಡ್ಡಿನ ತಗಡಿನ ಮಾಡು ಮುಟ್ಟಿತು, ಅಲ್ಲಿ ಜಾಗ ಸಾಲದೆ ಮತ್ತೆ ಕೆಳಗಿಳಿಯಿತು. ಎದುರಿನ ಬೀಗದ ಅಂಗಡಿಯವನು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಿಗೆ ಬಂದು, "ಏನ್ರೀ, ಬೀದಿಯ ಸೊಳ್ಳೆಯೆಲ್ಲ ಇವತ್ತೇ ಓಡಿಸ್ಬೇಕು ಅಂತ ಹೊರಟಿದೀರಾ?" ಎಂದು ಕೂಗಿದ. ತಮ್ಮ ಡ್ರೈವರಿನ ಸೀಟಿನಲ್ಲಿ ಕೂತು ಕೆಮ್ಮುತ್ತಿದ್ದ. ಐದು ವಾರದಿಂದ ಅವನು ಆ ಕಾರಿನ ಹೊಟ್ಟೆಯೊಳಗೇ ಬದುಕಿದ್ದ. ಬೆರಳುಗಳ ಗೆಣ್ಣೆಲ್ಲ ತರಚಿಹೋಗಿತ್ತು, ಸೊಂಟ ನೆಟ್ಟಗಾಗುತ್ತಿರಲಿಲ್ಲ, ಕಡೆಗೆ ಬಂದದ್ದು ಈ ಹೊಗೆ. ಅವನು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಒತ್ತಿಕೊಂಡ.

"ನಿನ್ನ ಟರ್ಬೊ ಎಣ್ಣೆ ಕುಡೀತಿದೆ," ಎಂದಳು ಅಕ್ಕ, ಲೋಹ ಕಡೆಯುವ ಲೇತಿನ ಪಕ್ಕದಿಂದ ಕದಲದೆ.

"ನಿನ್ನ ಬ್ಲಾಕು ಕುಡಿಸ್ತಿದೆ," ಎಂದ ತಮ್ಮ.

ಇಷ್ಟೇ ಮಾತು. ಇವರಿಬ್ಬರ ನಡುವೆ ಕೆಲಸದ ಮಾತೆಂದರೆ ಇಪ್ಪತ್ತೆರಡು ವರ್ಷದಿಂದ ಇಷ್ಟೇ.

ಅದಕ್ಕೊಂದು ಕತೆಯಿದೆ. ಶೆಡ್ಡು ಇಬ್ಬರದ್ದು. ಅಕ್ಕನಿಗೆ ಐವತ್ತಾರು, ತಮ್ಮನಿಗೆ ನಲವತ್ತೆಂಟು. ಮೊದಮೊದಲು ಇಬ್ಬರೂ ಎಲ್ಲದಕ್ಕೂ ಕೈಹಾಕುತ್ತಿದ್ದರು, ಎಲ್ಲದಕ್ಕೂ ಜಗಳವಾಡುತ್ತಿದ್ದರು. ಒಂದು ದಿನ ಅಕ್ಕ ಬಿಗಿದಿಟ್ಟ ಬೋಲ್ಟುಗಳನ್ನು, ಸಡಿಲವಿರಬಹುದೆಂಬ ಅನುಮಾನಕ್ಕೆ, ತಮ್ಮ ಅವಳ ಬೆನ್ನ ಹಿಂದೆ ಇನ್ನೊಂದು ಸುತ್ತು ಬಿಗಿದ. ಎರಡು ಬೋಲ್ಟು ಕತ್ತರಿಸಿಹೋದವು. ಅಕ್ಕ ಒಂದು ತಿಂಗಳು ಅವನ ಮುಖ ನೋಡಲಿಲ್ಲ. ಆಮೇಲೆ ಅವಳೇ ಒಂದು ಕಟ್ಟಳೆ ಮಾಡಿದಳು. ಎಂಜಿನ್ನಿನ ಕೆಳಗಿನ ಬ್ಲಾಕಿಗೂ ಮೇಲಿನ ತಲೆಗೂ ನಡುವೆ ಒಂದು ತೆಳು ಗ್ಯಾಸ್ಕೆಟ್ ಕೂರುತ್ತದಲ್ಲ, ಅದರಿಂದ ಕೆಳಗಿನದೆಲ್ಲ ಅಕ್ಕನದು, ಮೇಲಿನದೆಲ್ಲ ತಮ್ಮನದು. ಒಬ್ಬರ ಕೆಲಸವನ್ನು ಇನ್ನೊಬ್ಬರು ಮುಟ್ಟಕೂಡದು, ಇಣುಕಕೂಡದು, ಮುಖ್ಯವಾಗಿ ಕೇಳಕೂಡದು. ಗಿರಾಕಿಗಳು ಇವರನ್ನು ನೆಲಮಾಳಿಗೆ, ಮೇಲ್ಮಾಳಿಗೆ ಎಂದು ಕರೆದು ನಗುತ್ತಿದ್ದರು. ನಗಲಿ ಬಿಡಿ, ಆ ಕಟ್ಟಳೆಯಿಂದಲೇ ಶೆಡ್ಡು ಉಳಿದಿತ್ತು.

ಹಾಗೆ ನಡೆದುಕೊಂಡು ಹೋಗುತ್ತಿದ್ದಾಗ ಹಲ್ಲಿನ ಡಾಕ್ಟರು ಬಂದರು. ಅವರ ಹತ್ತಿರ ಒಂದು ಸ್ಪೋರ್ಟ್ಸ್ ಕಾರು, ಆರು ಸಿಲಿಂಡರಿನದು, ನಿಂತಲ್ಲೇ ಗುರುಗುಟ್ಟುವಂಥದ್ದು. ಅದರ ವೇಗ ಅವರಿಗೆ ಸಾಲದು. "ಎರಡು ಟರ್ಬೊ ಹಾಕಿ," ಎಂದರು, ಎರಡು ಹಲ್ಲು ಕಟ್ಟಿ ಎಂದಷ್ಟು ಸಲೀಸಾಗಿ. ಮುಂದಿನ ತಿಂಗಳು ರೇಸಿನ ಟ್ರ್ಯಾಕಿನಲ್ಲಿ ಓಡಿಸಬೇಕಂತೆ.

ಅಕ್ಕ ಆ ಕೆಲಸ ಒಪ್ಪಿಕೊಂಡದ್ದಕ್ಕೆ ಬೇರೆಯೇ ಕಾರಣವಿತ್ತು. ಹೋದ ವರ್ಷ ಅವಳ ಎರಡೂ ಕಣ್ಣಿನ ಪೊರೆ ತೆಗೆದಿದ್ದರು. ಕಣ್ಣು ಚೆನ್ನಾಗಿದೆ ಎಂದು ಕಣ್ಣಿನ ಡಾಕ್ಟರು ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಕೂದಲೆಳೆಯ ಲೆಕ್ಕದಲ್ಲಿ ಲೋಹ ಕೊರೆಯುವವಳಿಗೆ 'ಚೆನ್ನಾಗಿದೆ' ಅಂದರೆ ಯಾವ ಮೂಲೆಗೆ? "ಈ ಎಂಜಿನ್ನೇ ನನಗೆ ಪರೀಕ್ಷೆ," ಎಂದಿದ್ದಳು ಮೊದಲ ದಿನವೇ. "ನನ್ನ ಕಡೆಯಿಂದ ಒಂದು ತಪ್ಪಾಗ್ಲಿ, ಅವತ್ತೇ ಮೆಷಿನ್ ಬಿಡ್ತೀನಿ. ಕಾಣದ ಕಣ್ಣಿಟ್ಕೊಂಡು ಇನ್ನೊಬ್ಬರ ಎಂಜಿನ್ ಹಾಳು ಮಾಡಲ್ಲ." ಅವಳು ಬಾಯಿಮಾತಿಗೆ ಹೇಳುವವಳಲ್ಲ. ಅದು ತಮ್ಮನಿಗೂ ಗೊತ್ತಿತ್ತು.

ಈಗ ಟರ್ಬೊದ ವಿಷಯಕ್ಕೆ ಬನ್ನಿ. ಎಂಜಿನ್ ಹೊರಗೆ ಉಗುಳುವ ಬಿಸಿಗಾಳಿಯ ರಭಸಕ್ಕೆ ಅದರೊಳಗೆ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಎಂಜಿನ್ನಿನ ಬಾಯಿಗೆ ತುರುಕುತ್ತದೆ. ಆ ದಂಡ ನಿಮಿಷಕ್ಕೆ ಲಕ್ಷ ಸುತ್ತು ಸುತ್ತುವುದು ಎಣ್ಣೆಯ ಮೇಲೆ ತೇಲಿಕೊಂಡು. ಎಣ್ಣೆ ಹೆಚ್ಚಾದರೆ ಸೀಲು ದಾಟಿ ಒಳನುಗ್ಗಿ ಉರಿದು ಹೊಗೆಯಾಗುತ್ತದೆ. ಕಡಿಮೆಯಾದರೆ ದಂಡ ಒಣಗಿ, ಕಾದು, ಹಿಡಿದುಕೊಂಡು ಸಾಯುತ್ತದೆ. ಅದಕ್ಕೇ ಎಣ್ಣೆಯ ಪೈಪಿನಲ್ಲಿ ಹಿತ್ತಾಳೆಯ ಒಂದು ಪುಟ್ಟ ಬಿರಡೆ ಕೂರಿಸುತ್ತಾರೆ. ನಡುವೆ ಒಂದೂವರೆ ಮಿಲಿಮೀಟರಿನ ತೂತು, ಅಷ್ಟೇ. ಅದಕ್ಕೆ ಜೆಟ್ ಎನ್ನುತ್ತಾರೆ.

ಆ ಪೈಪಿನ ಒಂದು ತುದಿ ಬ್ಲಾಕಿನಲ್ಲಿ, ಅಂದರೆ ಅಕ್ಕನ ರಾಜ್ಯದಲ್ಲಿ. ಇನ್ನೊಂದು ತುದಿ ಟರ್ಬೊದಲ್ಲಿ, ತಮ್ಮನ ರಾಜ್ಯದಲ್ಲಿ. ಜೆಟ್ಟನ್ನು ಯಾವ ತುದಿಗಾದರೂ ಹಾಕಬಹುದು. ಯಾರು ಹಾಕಬೇಕು?

ಹೊಗೆ ಎದ್ದ ಮಧ್ಯಾಹ್ನ ಟರ್ಬೊದ ಜೊತೆ ಬಂದಿದ್ದ ಚೀಟಿಯನ್ನು ಇನ್ನೊಮ್ಮೆ ಓದಿದಾಗ ತಮ್ಮನಿಗೆ ಧಸಕ್ಕೆಂದಿತು. ಜೆಟ್ಟೇ ಇಲ್ಲ! ಅಕ್ಕ ಹಾಕಿರುತ್ತಾಳೆ ಎಂದುಕೊಂಡು ಅವನು ಬಿಟ್ಟಿದ್ದ. ಹೋಗಿ ಕೇಳಿದ್ದರೆ ಅರ್ಧ ನಿಮಿಷದ ಮಾತು. ಆದರೆ ಕೇಳುವುದೆಂದರೆ ತಾನು ಮರೆತೆ ಎಂದು ಒಪ್ಪಿಕೊಂಡಂತೆ. ಒಪ್ಪಿಕೊಂಡರೆ ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡುವ ಒಂದು ನೋಟವಿದೆ, ಅದನ್ನು ತಡೆದುಕೊಳ್ಳುವ ಶಕ್ತಿ ಅವತ್ತು ಅವನಿಗಿರಲಿಲ್ಲ. ಅವಳು ಊಟಕ್ಕೆ ಮನೆಗೆ ಹೋದ ಹೊತ್ತು ನೋಡಿ ಎರಡು ಜೆಟ್ ಕೊರೆದ. ಚೀಟಿಯಲ್ಲಿ ಒಂದೂವರೆ ಎಂದಿತ್ತು. ಹಾಳು ಹೊಗೆ ಇನ್ನು ಜನ್ಮದಲ್ಲಿ ಏಳಕೂಡದೆಂದು ಅವನು ಒಂದೇ ಮಿಲಿಮೀಟರಿಗೆ ನಿಲ್ಲಿಸಿದ. ಎರಡೂ ಟರ್ಬೊಗಳ ಮೂತಿಗೆ ಒಂದೊಂದು ಕೂರಿಸಿ, ಪೈಪು ಬಿಗಿದು, ಏನೂ ಆಗದವನಂತೆ ಕೈ ಒರೆಸಿಕೊಂಡ.

ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಬಂದಾಗ ಅಕ್ಕ ಆಗಲೇ ಬಂದಿದ್ದಳು, ಕೈ ಒರೆಸಿಕೊಳ್ಳುತ್ತಿದ್ದಳು. "ಈಗ ಚಾಲೂ ಮಾಡು," ಎಂದಳು. ಅವಳ ದನಿಯಲ್ಲಿ ಏನೋ ಗೆಲುವಿತ್ತು. ತನ್ನ ಗೆಲುವಿನಲ್ಲಿದ್ದ ತಮ್ಮ ಅದನ್ನು ಗಮನಿಸಲಿಲ್ಲ. ಎಂಜಿನ್ ಗುರುಗುಟ್ಟಿತು. ಒಂದೆಳೆ ಹೊಗೆಯಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬುದ್ಧಿ ಬಂತಾ ಎಂದು ಇಬ್ಬರ ಮುಖದಲ್ಲೂ ಬರೆದಿತ್ತು, ಬಾಯಿ ಮಾತ್ರ ಯಾರೂ ಬಿಡಲಿಲ್ಲ.

ಗುರುವಾರ ಹಲ್ಲಿನ ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಕಾರನ್ನು ಊರಾಚೆಯ ದೊಡ್ಡ ರಸ್ತೆಗೆ ಒಯ್ದ. ಮೂರನೇ ಗೇರಿನಲ್ಲಿ ಕಾಲು ಒತ್ತಿದ. ಅಬ್ಬಾ! ಯಾರೋ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿದಂತಾಯಿತು, ಡಾಕ್ಟರು "ಅಯ್ಯಯ್ಯೋ" ಎನ್ನುತ್ತ ಬಾಗಿಲಿನ ಹಿಡಿ ಹಿಡಿದುಕೊಂಡು ನಕ್ಕರು. ತಮ್ಮನೂ ನಕ್ಕ. ಐದು ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು. ನಗು ಮುಗಿಯುವುದರೊಳಗೆ ಬಲಗಡೆಯಿಂದ ಸಾಣೆಕಲ್ಲಿಗೆ ಕತ್ತಿ ಕೊಟ್ಟಂಥ ಕಿರ್ರೆನ್ನುವ ಸದ್ದು ಎದ್ದಿತು, ಏರಿತು, ಟಕ್ಕೆಂದು ನಿಂತಿತು. ಕಾರಿನ ಜೀವ ಅರ್ಧಕ್ಕರ್ಧ ಇಳಿದುಹೋಯಿತು. ಬಲಗಡೆಯ ಟರ್ಬೊ ಹಿಡಿದುಕೊಂಡಿತ್ತು.

ಎಳೆಯುವ ಲಾರಿಯ ಹಿಂದೆ ಕಟ್ಟಿಸಿಕೊಂಡು ವಾಪಸು ಬಂದಾಗ ಅಕ್ಕ ಗೇಟಿನಲ್ಲೇ ನಿಂತಿದ್ದಳು. ಡಾಕ್ಟರು ಏನು ಎತ್ತ ಎಂದು ಕೇಳುವ ಮೊದಲೇ, "ಕೆಳಗಿನದರಲ್ಲಿ ತಪ್ಪಿಲ್ಲ ಡಾಕ್ಟ್ರೇ. ಟರ್ಬೊ ಎಲ್ಲ ಇವನ ಕೈಕೆಲಸ. ಇವನನ್ನೇ ಕೇಳಿ," ಎಂದುಬಿಟ್ಟಳು. ಬೀಗದ ಅಂಗಡಿಯವನು, ಲಾರಿಯ ಡ್ರೈವರು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು, ಎಲ್ಲರ ಎದುರಿಗೆ. ತಮ್ಮನ ಕಿವಿ ಬಿಸಿಯಾಯಿತು. ಡಾಕ್ಟರು ಮುಖ ಸಣ್ಣ ಮಾಡಿಕೊಂಡು ಟ್ಯಾಕ್ಸಿ ಹತ್ತಿ ಹೋದರು.

ತಮ್ಮ ಕಾರನ್ನು ಮೇಲೆತ್ತಿ ಅದರಡಿಗೆ ಹೋದ. ಬಲಗಡೆಯ ಪೈಪಿನ ಟರ್ಬೊ ತುದಿ ಬಿಚ್ಚಿದ. ದಂಡ ಕಾದು ನೀಲಿಗಟ್ಟಿತ್ತು, ಒಂದು ಹನಿ ಎಣ್ಣೆಯಿಲ್ಲ. ತನ್ನ ಜೆಟ್ ತೆಗೆದು ಬೆಳಕಿಗೆ ಹಿಡಿದ, ತೂತು ಕಟ್ಟಿರಲಿಲ್ಲ. ಹಾಗಾದರೆ ಎಣ್ಣೆ ಎಲ್ಲಿ ನಿಂತಿತು? ಪೈಪಿನ ಬ್ಲಾಕಿನ ತುದಿ ಬಿಚ್ಚಿದ. ಅಲ್ಲಿ ಕೂತಿತ್ತು ಇನ್ನೊಂದು ಜೆಟ್, ಅಕ್ಕನ ಕೈಯ ನುಣುಪಿನದು, ಒಂದು ಗೀರೂ ಇಲ್ಲದ್ದು.

ಅವನಿಗೆ ಅರ್ಥವಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ಹೊಗೆ ಕಂಡ ದಿನ ಅವಳಿಗೂ ಧಸಕ್ಕೆಂದಿದೆ. ತಮ್ಮ ಹಾಕಿರುತ್ತಾನೆ ಎಂದು ಅವಳೂ ಬಿಟ್ಟಿದ್ದಳು. ಅವನನ್ನು ಕೇಳುವ ಬದಲು ಬೆಳಿಗ್ಗೆ ಬೇಗ ಬಂದು ಕದ್ದು ಹಾಕಿದ್ದಾಳೆ. ಅವಳ ಒಂದೂವರೆ ದಾಟಿ ಬಂದ ಎಣ್ಣೆಯನ್ನು ಅವನ ಒಂದು ಮಿಲಿಯ ತೂತು ಹಿಡಿದು ನಿಲ್ಲಿಸಿದೆ. ಒಂದೇ ಪೈಪಿನಲ್ಲಿ ಎರಡು ಬಿರಡೆ! ಪ್ರಪಂಚದಲ್ಲಿ ಬೇರೆ ಯಾವ ಶೆಡ್ಡಿನಲ್ಲಾದರೂ ಇಂಥ ಹುಚ್ಚಾಟ ನಡೆದೀತೇ? ನಗಬೇಕೆನಿಸಿತು ಅವನಿಗೆ, ನಿಜವಾಗಿಯೂ. ಅಷ್ಟರಲ್ಲಿ ಅಕ್ಕನ ಚಪ್ಪಲಿ ಸದ್ದು ಕೇಳಿತು. ಗೇಟಿನಲ್ಲಿ ಆಡಿದ ಮಾತು ನೆನಪಾಯಿತು. ಕೈ ತಾನಾಗಿಯೇ ತನ್ನ ಜೆಟ್ಟನ್ನು ಜೇಬಿಗೆ ಇಳಿಸಿತು.

"ಏನು ಸಿಕ್ತು?" ಎಂದಳು ಅಕ್ಕ.

"ನಿನ್ನ ಬ್ಲಾಕಿನ ತುದೀಲಿ ಜೆಟ್ ಇದೆ. ಎಣ್ಣೆ ಸಾಲದೆ ದಂಡದ ಬೇರಿಂಗ್ ಸುಟ್ಟಿದೆ."

"ಸಾಲದೆ ಏನು? ಒಂದೂವರೆ ಕೊರೆದಿದೀನಿ."

"ಸುಟ್ಟಿದೆಯಲ್ಲ ಅಕ್ಕ, ಕಣ್ಣೆದುರಿಗೇ ಇದೆ."

ಅವಳು ಜೆಟ್ ಕಿತ್ತುಕೊಂಡು ಹೋಗಿ, ಅದನ್ನು ಕೊರೆದಿದ್ದ ಡ್ರಿಲ್ ಬಿಟ್ಟನ್ನು ಹುಡುಕಿ ಜೆಟ್ಟಿನ ತೂತಿಗೆ ಇಳಿಸಿ ನೋಡಿದಳು. ಸರಿಯಾಗಿ ಕೂತಿತು. ಆ ಬಿಟ್ಟನ್ನು ಕೂದಲೆಳೆಯಷ್ಟನ್ನೂ ಅಳೆಯುವ ವರ್ನಿಯರಿನ ದವಡೆಗೆ ಹಿಡಿದು ಕಿಟಕಿಯ ಬೆಳಕಿಗೆ ಒಯ್ದಳು. ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು.

"ಒಂದೂವರೆ," ಎಂದಳು. ಆಮೇಲೆ ಅವಳು ಇಪ್ಪತ್ತೆರಡು ವರ್ಷದಲ್ಲಿ ಮಾಡದ ಕೆಲಸ ಮಾಡಿದಳು. ವರ್ನಿಯರನ್ನು ತಮ್ಮನ ಮುಂದೆ ಹಿಡಿದು, "ಗೆರೆ ಎಲ್ಲಿದೆ, ನೀನು ನೋಡಿ ಹೇಳು," ಎಂದಳು.

ಗೆರೆ ಒಂದೂವರೆಯ ಮೇಲೇ ಇತ್ತು. ಎಂಥ ಕುರುಡನೂ ಓದುವಷ್ಟು ಸ್ಪಷ್ಟವಾಗಿ ಇತ್ತು.

"ಒಂದು," ಎಂದ ತಮ್ಮ.

ಯಾಕೆ ಹಾಗೆಂದ? ಅವನನ್ನು ಕೇಳಿದರೆ ಅವನೂ ಹೇಳಲಾರ. ಇಷ್ಟು ವರ್ಷದ ಉರಿ, ಬೆನ್ನುನೋವು, ಗೇಟಿನ ಅವಮಾನ, ಎಲ್ಲ ಸೇರಿ ಒಂದೇ ಮಾತಾಗಿ ಹೊರಬಿತ್ತು. ಬಿದ್ದ ಮೇಲೆ ಎತ್ತಿಕೊಳ್ಳಲು ಬರಲಿಲ್ಲ. ಅಕ್ಕ ವಾದಿಸುತ್ತಾಳೆ, ಕಿರುಚುತ್ತಾಳೆ ಎಂದುಕೊಂಡಿದ್ದ. ಅವಳು ಕಿರುಚಲಿಲ್ಲ. "ಒಂದಾ?" ಎಂದಳು ಸಣ್ಣಗೆ. "ಬೆರಳಿಗೂ ಒಂದೂವರೆ ಅನ್ನಿಸ್ತಿತ್ತಲ್ಲೋ." ವರ್ನಿಯರನ್ನು ಅದರ ಪೆಟ್ಟಿಗೆಯಲ್ಲಿಟ್ಟು ಕಂಕುಳಿಗೆ ಸೇರಿಸಿದಳು, ಏಪ್ರನ್ ಕಳಚಿ ಮೊಳೆಗೆ ಹಾಕಿದಳು, ಹೊರಟೇಹೋದಳು.

ಅವಳು ಹೋದ ಮೇಲೆ ತಮ್ಮ ಎಡಗಡೆಯ ಟರ್ಬೊದಲ್ಲಿದ್ದ ತನ್ನ ಜೆಟ್ಟನ್ನೂ ಕಿತ್ತು ಜೇಬಿಗೆ ಹಾಕಿಕೊಂಡ. ನಾಳೆ ಹೇಳಿದರಾಯಿತು ಎಂದುಕೊಂಡ. ಶುಕ್ರವಾರ ಅಕ್ಕ ಬರಲಿಲ್ಲ. ಹೇಳಬೇಕೆಂದರೆ ಆ ದಿನ ಶೆಡ್ಡಿನಲ್ಲಿ ಹಾಯಾಗಿತ್ತು. ಅವನು ತನಗೆ ಬೇಕಾದ ಹಾಡು ಹಾಕಿಕೊಂಡ. ಅಕ್ಕ ಎಂದೂ ಕದಲಿಸಲು ಬಿಡದ ಬೆಂಚನ್ನು ಬಾಗಿಲ ಹತ್ತಿರಕ್ಕೆ ಎಳೆದ. ಇನ್ನು ಮೇಲೆ ಕೆಳಗೆ ಎಲ್ಲ ತನ್ನದೇ ಎಂದುಕೊಂಡು ಬೇರಿಂಗಿನ ಹೊಸ ಸೆಟ್ಟು ತರಿಸಿದ. ಶನಿವಾರ ಟರ್ಬೊ ಜೋಡಿಸಲು ಕೂತ. ಒಂದು ತಿರುಪು ಕೈತಪ್ಪಿ ಕಾರಿನಡಿ ಎಲ್ಲೋ ಉರುಳಿತು. ಗಂಟೆಗಟ್ಟಲೆ ಹುಡುಕಿದರೂ ಸಿಗಲಿಲ್ಲ. ಲೇತಿನಲ್ಲಿ ಇನ್ನೊಂದು ಮಾಡಿಕೊಳ್ಳಲು ಹೋದರೆ ತಿರುಪಿನ ಎಳೆ ಓರೆಯಾಗಿ ಬಂತು, ಎರಡನೆಯದೂ ಓರೆ, ಮೂರನೆಯದು ಮುರಿದೇಹೋಯಿತು. ಅವನು ಸ್ಪ್ಯಾನರನ್ನು ಗೋಡೆಗೆ ಬೀಸಿ ಎಸೆದು ಬಾಯಿಗೆ ಬಂದದ್ದು ಬೈದ. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ಆ ಹೊತ್ತಿಗೆ ಭಾವ ಬಂದ. ಅಕ್ಕನ ಗಂಡ, ದರ್ಜಿ, ಜೋರಾಗಿ ಮಾತಾಡಿ ಗೊತ್ತಿಲ್ಲದ ಮನುಷ್ಯ. ಕುತ್ತಿಗೆಯಲ್ಲಿ ಅಳತೆ ಪಟ್ಟಿ ಹಾಗೇ ಜೋತಾಡುತ್ತಿತ್ತು.

"ಸ್ವಲ್ಪ ಬಂದು ನಿಮ್ಮಕ್ಕನಿಗೆ ಹೇಳಪ್ಪ," ಎಂದ. "ಎರಡು ದಿನದಿಂದ ಮನೇಲಿರೋ ಚಮಚ ಎಲ್ಲ ಅಳೀತಿದಾಳೆ."

"ಚಮಚಾನಾ?"

"ಚಮಚ, ಬೀಗದ ಕೈ, ನನ್ನ ಸೂಜಿ, ಗುಂಡಿ, ಒಂದೂ ಬಿಟ್ಟಿಲ್ಲ. ಅದೇನೋ ಅಳೆಯೋದಿದೆಯಲ್ಲ, ಅದರಲ್ಲಿ ಹಿಡೀತಾಳೆ, ಓದ್ತಾಳೆ, ಬರ್ಕೋತಾಳೆ. ಆಮೇಲೆ ನನ್ನ ಕೈಗೆ ಕೊಟ್ಟು ಓದು ಅಂತಾಳೆ. ಅವಳು ಓದಿದ್ದೇ ನನಗೂ ಬರುತ್ತೆ. ಬಂತು ಅಂದ್ರೆ ಕೇಳಲ್ಲ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಿದೀಯ ಅಂತ ನನ್ನ ಮೇಲೇ ಹಾರಾಡ್ತಾಳೆ. ನಮ್ಮ ತಮ್ಮ ಏನೇ ಆದ್ರೂ ಅಳತೆ ವಿಷಯದಲ್ಲಿ ಸುಳ್ಳು ಹೇಳಲ್ಲ ಅಂತಾಳೆ. ನಿನ್ನೆ ಅತ್ತಳು ಕಣಪ್ಪ. ಮೂವತ್ತು ವರ್ಷ ಆಯ್ತು ಮದುವೆಯಾಗಿ, ನಾನು ನೋಡೇ ಇರಲಿಲ್ಲ."

ತಮ್ಮ ಕೆಳಗೆ ಕೂತುಬಿಟ್ಟ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅವಳು ಬೈದಿದ್ದರೆ, ಕಪಾಳಕ್ಕೆ ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಅವನನ್ನು ನಂಬಿದ್ದಳು. ತನ್ನ ಕಣ್ಣನ್ನು, ತನ್ನ ಬೆರಳನ್ನು, ಕಟ್ಟಿಕೊಂಡ ಗಂಡನನ್ನು ಬಿಟ್ಟು ಅವನನ್ನು ನಂಬಿದ್ದಳು.

"ನಡೀರಿ ಭಾವ," ಎಂದು ಎದ್ದ. ಕೈ ತೊಳೆಯಲೂ ನಿಲ್ಲಲಿಲ್ಲ.

ಎರಡು ಬೀದಿಯಾಚೆ ಮನೆ. ಅಕ್ಕ ಅಡುಗೆಮನೆಯ ಕಿಟಕಿ ಪಕ್ಕ ಕೂತಿದ್ದಳು. ಮೇಜಿನ ಮೇಲೆ ಚಮಚಗಳ ಸಾಲು, ಒಂದೊಂದರ ಮುಂದೆ ಒಂದೊಂದು ಚೀಟಿ. ಅವಳ ಕಣ್ಣು ಕೆಂಪಾಗಿತ್ತು. "ಟರ್ಬೊ ಕೂರಿಸಿದೆಯಾ?" ಎಂದಳು.

ತಮ್ಮ ಜೇಬಿನಿಂದ ಎರಡೂ ಜೆಟ್ ತೆಗೆದು ಮೇಜಿನ ಮೇಲಿಟ್ಟ. "ಇವು ನನ್ನವು. ಟರ್ಬೊ ತುದೀಲಿದ್ವು. ಒಂದು ಮಿಲಿ ಕೊರೆದಿದ್ದೆ, ನಿನಗೆ ಹೇಳದೆ. ನಿನ್ನದು ಒಂದೂವರೇನೇ ಅಕ್ಕ. ಅವತ್ತು ನಾನು ಸುಳ್ಳು ಹೇಳಿದೆ."

ಭಾವ ಬಾಗಿಲಲ್ಲೇ ನಿಂತ. ಅಕ್ಕ ಚಮಚಗಳನ್ನು ಬದಿಗೆ ಸರಿಸಿದಳು. ಒಂದು ಜೆಟ್ ಎತ್ತಿ ಬೆಳಕಿಗೆ ಹಿಡಿದು ತೂತಿನಲ್ಲಿ ನೋಡಿದಳು. ಪಕ್ಕದಲ್ಲಿದ್ದ ಗಂಡನ ಸೂಜಿಗಳ ರಾಶಿಯಿಂದ ಒಂದನ್ನು ಆರಿಸಿ ಅದರೊಳಗೆ ಇಳಿಸಿದಳು. ಆ ಸೂಜಿಯನ್ನು ವರ್ನಿಯರಿನಲ್ಲಿ ಹಿಡಿದು ಓದಿದಳು. "ಒಂದು," ಎಂದಳು. ಈ ಸಲ ಯಾರ ಕೈಗೂ ಕೊಟ್ಟು ಓದಿಸಲಿಲ್ಲ. ಅವಳ ಹೆಗಲು ಸ್ವಲ್ಪ ಇಳಿಯಿತು, ಎರಡು ದಿನದಿಂದ ಬಿಗಿಹಿಡಿದ ಉಸಿರನ್ನು ಬಿಟ್ಟವರ ಹಾಗೆ. ತಮ್ಮನಿಗೂ ಉಸಿರು ಬಂತು. ಇನ್ನು ಬೈಗುಳ ಶುರುವಾಗುತ್ತದೆ, ಬೈದು ಮುಗಿಸುತ್ತಾಳೆ, ಸೋಮವಾರ ಶೆಡ್ಡಿಗೆ ಬರುತ್ತಾಳೆ ಎಂದುಕೊಂಡ.

"ನಾನೂ ಕದ್ದೇ ಹಾಕಿದ್ದು," ಎಂದಳು ಅಕ್ಕ. "ಅದು ಇಬ್ಬರ ಕೊಬ್ಬು, ಅದಕ್ಕೆ ನಿನ್ನೊಬ್ಬನ್ನೇ ಅನ್ನಲ್ಲ. ಗೇಟಲ್ಲಿ ಅಷ್ಟು ಜನದ ಮುಂದೆ ಹಾಗೆ ಅಂದಿದ್ದೂ ತಪ್ಪು. ಇದನ್ನ ಹೇಳೋಕೆ ನಿನ್ನೆ ಯಾಕೆ ಬರಲಿಲ್ಲ?"

"ಮನಸ್ಸಾಗಲಿಲ್ಲ."

"ನಾನಿಲ್ಲದೆ ಹಾಯಾಗಿತ್ತಾ?"

ಇನ್ನೊಂದು ಸುಳ್ಳು ಹೇಳುವ ತ್ರಾಣ ಅವನಲ್ಲಿರಲಿಲ್ಲ. "ಹೌದು ಅಕ್ಕ. ನಿನ್ನೆ ಒಂದಿನ ಹಾಯಾಗಿತ್ತು."

ಅವಳು ತಲೆಯಾಡಿಸಿದಳು, ಕೋಪವಿಲ್ಲದೆ. "ಈ ಎಂಜಿನ್ ಮುಗಿಸಿಕೊಡ್ತೀನಿ. ಕೈಹಾಕಿದ ಕೆಲಸ ಅರ್ಧಕ್ಕೆ ಬಿಡಲ್ಲ. ಆಮೇಲೆ ನನ್ನ ಲೇತ್ ಬಿಚ್ಚಿಸ್ಕೊಂಡು ಹೋಗ್ತೀನಿ. ಬಸ್ ಡಿಪೋ ಹಿಂದೆ ಒಂದು ಖಾಲಿ ಜಾಗ ಇದೆ."

"ಅಕ್ಕ! ನಿನ್ನ ಕಣ್ಣು ಚೆನ್ನಾಗಿದೆ, ನೀನು ಮೆಷಿನ್ ಬಿಡಬೇಕಾಗಿಲ್ಲ ಅಂತ ಹೇಳೋಕೆ ತಾನೇ ನಾನು ಬಂದಿದ್ದು?"

"ಮೆಷಿನ್ ಎಲ್ಲಿ ಬಿಟ್ಟೆ? ಕಣ್ಣು ಹೋಗಿದ್ರೆ ನಿನ್ನ ಶೆಡ್ಡಲ್ಲೇ ಒಂದು ಮೂಲೇಲಿ ಕೂತು, ನೀನು ಓದಿ ಹೇಳಿದ್ದನ್ನ ನಂಬ್ಕೊಂಡು ಇರ್ತಿದ್ದೆ ಕಣೋ. ಬೇರೆ ಗತಿ ಇರ್ತಿರಲಿಲ್ಲ. ಕಣ್ಣಿದೆಯಲ್ಲ ಈಗ. ನನ್ನ ಕೆಲಸ ನಾನೇ ನೋಡ್ಕೋಬಲ್ಲೆ."

ತಮ್ಮ ಭಾವನ ಕಡೆ ನೋಡಿದ. ಭಾವ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದ. ಅಕ್ಕ ಎದ್ದು ಚಪ್ಪಲಿ ಮೆಟ್ಟಿದಳು, "ನಡಿ, ಆ ಪೈಪು ಬಿಗಿದುಬಿಡೋಣ," ಎಂದು ಬಾಗಿಲು ದಾಟಿದಳು. ಅವಳ ಹಿಂದೆ ಬೀದಿಗೆ ಇಳಿದಾಗ ಅವನಿಗೆ ಹೇಳಬೇಕಾದದ್ದು ಒಂದೇ ಮಾತಿತ್ತು, ಹೋಗಬೇಡ ಎಂಬುದು. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಇಪ್ಪತ್ತೆರಡು ವರ್ಷ ಅಕ್ಕನನ್ನು ಏನೊಂದನ್ನೂ ಕೇಳಿ ಅಭ್ಯಾಸವಿಲ್ಲದವನಿಗೆ ಅದನ್ನು ಹೇಗೆ ಕೇಳಬೇಕೆಂದು ತಿಳಿಯಲಿಲ್ಲ.